ಅತ್ತೆಯ ಮಂಡಿನೋವು ಮತ್ತು ನನ್ನ ದೂರು

ಸ್ನೇಹಿತರೇ, ಇವತ್ತು ಲಿವರ್‌ಪೂಲ್‌ನಲ್ಲಿ ನಾವು ತೋರಿಸಿಕೊಳ್ಳುವ ಕ್ಲಿನಿಕ್‌ಗೆ ಸೇವೆಯ ಗುಣಮಟ್ಟ ಪರಿಶೀಲಿಸಲು ಒಬ್ಬ ಮಹಿಳೆ ಬಂದಿದ್ದರು. ರೋಗಿಗಳನ್ನು ಒಬ್ಬೊಬ್ಬರಾಗಿ ಮಾತಾಡಿಸುತ್ತಿದ್ದರು. ಮೈಸೂರಿನಿಂದ ಬಂದಿರುವ ಅತ್ತೆಯ ಪಕ್ಕದಲ್ಲಿ ಕೂತಿದ್ದ ನಾನು, ಇದಕ್ಕೇ ಕಾದಿದ್ದವನಂತೆ ಶುರುಮಾಡಿದೆ.

"ಎಂಬತ್ತೆಂಟನೇ ಇಸವಿಯಲ್ಲಿ ಇಲ್ಲಿದ್ದ ಡಾಕ್ಟರು ರೋಗಿಯ ಮಾತು ಪೂರ್ತಿ ಕೇಳುತ್ತಿದ್ದರು. ಈಗಿನವರಿಗೆ ಪುರುಸೊತ್ತಿಲ್ಲ. ಇವರ ಮಂಡಿನೋವಿಗೆ ಮಾತ್ರೆ ಬದಲಿಸಿದ್ದೇ ಬದಲಿಸಿದ್ದು, ಗುಣ ಮಾತ್ರ ಇಲ್ಲ. ಸೇವೆ ಕಳಪೆ!"

"ಡಾಕ್ಟರು ಮಾತು ಕೇಳುತ್ತಾರಾ ಅಂತ ನಿಮ್ಮ ಅತ್ತೆಯನ್ನೇ ಕೇಳಿ ಹೇಳಿ," ಎಂದರು ಆಕೆ.

ಕನ್ನಡದಲ್ಲಿ ಕೇಳಿದೆ. ಅತ್ತೆ ಸೆರಗು ಸರಿಮಾಡಿಕೊಂಡು ನೆಲ ನೋಡಿದರು.

"ಅವರು ಪಾಪ, ನನ್ನ ಮುಖ ನೋಡಿಯೇ ಕೇಳ್ತಾರೆ. ಉತ್ತರ ನೀವು ಕೊಟ್ಟುಬಿಡ್ತೀರಿ. ತಪ್ಪು ತಿಳೀಬೇಡಿ, ನೋವಿರೋದು ಮಂಡಿಯಲ್ಲಲ್ಲ. ಅಳಿಯಂದಿರ ಎದುರಿಗೆ ಹೇಳೋ ಜಾಗವಲ್ಲ ಅದು. ಅದಕ್ಕೇ ಮಂಡಿ ಅಂದೆ."

ಅಮ್ಮನ ಜೊತೆ ತಾನು ಹೋಗುತ್ತೇನೆಂದ ಹೆಂಡತಿಗೆ "ನಿನಗೆ ಡಾಕ್ಟರ ಹತ್ರ ಮಾತಾಡೋಕೆ ಬರಲ್ಲ" ಎಂದಿದ್ದವನು ನಾನೇ. ಕಿವಿ ಬಿಸಿಯಾಯಿತು.

"ಏನಂದರು?" ಎಂದರು ಆಕೆ.

ಒಂದು ಮಾತೂ ಬಿಡದೆ ಇಂಗ್ಲಿಷಿನಲ್ಲಿ ಹೇಳಿದೆ. ಆಕೆ ನಗಲಿಲ್ಲ, ನಕ್ಕಿದ್ದರೆ ವಾಸಿಯಿತ್ತು. ರಿಸೆಪ್ಷನ್‌ಗೆ ಹೋಗಿ, ನನ್ನ ಹೆಂಡತಿ ಜೊತೆಗೆ ಬರುವ ಹಾಗೆ ಲೇಡಿ ಡಾಕ್ಟರ ಬಳಿ ಬುಕ್ ಮಾಡಿಸಿ ಬಂದರು.

"ಸೇವೆ ಕಳಪೆ ಅಂದಿರಲ್ಲ, ಅದು ವರದಿಯಲ್ಲಿ ಹಾಗೇ ಇರಲಿಯಾ?"

"ಇರಲಿ," ಎಂದೆ. "ಡಾಕ್ಟರ ಹೆಸರಿನ ಮುಂದೆ ಬೇಡ, ನನ್ನ ಹೆಸರಿನ ಮುಂದೆ, ಅಷ್ಟೆ."