ಹುಗ್ಗಿಯ ಪಂಕ್ತಿಗೆ ಅರಮನೆ ಸಂಗೀತ

ಕುಷ್ಟಗಿಯ ಕೊಟ್ರಬಸಪ್ಪ ಮೈಕ್‌ಸೆಟ್ ಬಾಡಿಗೆ ಕೊಡುವವನು. ಆದರೆ ಹಾಗೆಂದು ಪರಿಚಯಿಸಿದರೆ ಮುಖ ಸಣ್ಣದು ಮಾಡುತ್ತಿದ್ದ. ಖಡ್ಗ ಹಿಡಿದು ಊರೂರು ಅಲೆದು, ಕಂಡಕಂಡವರನ್ನು ಮಾತನಾಡಿಸಿ, ಕಡೆಗೆ ರಾಕ್ಷಸನನ್ನು ಕೊಲ್ಲುವ ಹಳೆಯ ವಿಡಿಯೊ ಗೇಮುಗಳಿವೆಯಲ್ಲ, ಅವುಗಳ ಸಂಗೀತವನ್ನು ಒಂದಕ್ಕೊಂದು ಹೋಲಿಸಿ ತೂಗುವ ವಿದ್ವಾಂಸ ಇಡೀ ಕೊಪ್ಪಳ ಜಿಲ್ಲೆಗೆ ತಾನೊಬ್ಬನೇ ಎಂಬುದು ಅವನ ನಂಬಿಕೆ. ಸುಳ್ಳೇನಲ್ಲ. ಪೈಪೋಟಿಗೆ ಬೇರೆ ಯಾರೂ ಇರಲಿಲ್ಲ, ಹೆಂಡತಿ ಅನ್ನಪೂರ್ಣಳನ್ನು ಬಿಟ್ಟರೆ.

ಮದುವೆಯಾದ ಹೊಸದರಲ್ಲಿ ಗಂಡ ಟಿವಿಗೆ ಗೇಮ್ ಜೋಡಿಸಿ, ಅರಮನೆ ಬಾಗಿಲಲ್ಲೇ ನಿಂತು ಅಲ್ಲಿನ ಸಂಗೀತದ ಮೇಲೆ ಭಾಷಣ ಶುರು ಮಾಡಿದರೆ, ಅವನ ಕೈಯಲ್ಲಿದ್ದ ಗೇಮ್ ರಿಮೋಟು ಕಸಿದುಕೊಂಡು ರಾಕ್ಷಸನನ್ನು ಕೊಂದು ಮುಗಿಸುತ್ತಿದ್ದವಳು ಅವಳೇ. ಮನೆಯಲ್ಲಿ ಎರಡು ಪಕ್ಷ: ‘ಹರಳಿನ ಆಟ’ವೆಂಬ ಗೇಮಿನ ಅರಮನೆ ಸಂಗೀತ ಶ್ರೇಷ್ಠವೆಂದು ಅವನು, ‘ಹಡಗಿನ ಆಟ’ದಲ್ಲಿ ದಣಿದ ವೀರ ಛತ್ರದಲ್ಲಿ ತಂಗಿದಾಗ ಬರುವ ಟ್ಯೂನೇ ಶ್ರೇಷ್ಠವೆಂದು ಅವಳು.

“ನಿಮ್ಮ ಅರಮನಿ ಸಂಗೀತ ಕೇಳಿದ್ರ ಕಚೇರಿ ಮುಂದ ಅರ್ಜಿ ಹಿಡ್ಕೊಂಡು ನಿಂತಂಗ ಆಗತೈತ್ರಿ.”

“ಅದಕ್ಕ ಗಾಂಭೀರ್ಯ ಅಂತಾರ. ನಿಂದು ಬರೇ ಟುಣುಟುಣು.”

ಅನ್ನಪೂರ್ಣಳ ತಮ್ಮ ಸಿದ್ದೇಶನ ಮದುವೆ ಹಿಟ್ನಾಳದಲ್ಲಿ ನಡೆಯಿತು. ಮೈಕ್‌ಸೆಟ್ ಹೇಗೂ ಮನೆಯದೇ. ಮೊದಲ ಪಂಕ್ತಿಯ ಊಟಕ್ಕೆ ಅವನ ಸಂಗೀತ, ಎರಡನೆಯದಕ್ಕೆ ಅವಳದು. ಯಾವುದಕ್ಕೆ ಜನ ಛಲೋ ಉಂಡರೋ ಅದು ಗೆದ್ದಂತೆ ಎಂದು ಪಂಥವಾಯಿತು. ಅವನು ಸೋತರೆ ಅಂಗಡಿಯ ‘ಕೊಟ್ರಬಸಪ್ಪ ಸೌಂಡ್ಸ್’ ಬೋರ್ಡಿಗೆ ಅವಳ ಹೆಸರು. ದೀಪಾವಳಿಗೆ ಲಕ್ಷ್ಮಿಯ ಫೋಟೋಕ್ಕಿಂತ ದೊಡ್ಡ ಹಾರ ಹಾಕಿಸಿಕೊಳ್ಳುತ್ತಿದ್ದ ಬೋರ್ಡು ಅದು. ಗೆಲ್ಲುವುದು ಖಾತ್ರಿ ಇದ್ದುದರಿಂದ ಅವನು ಒಪ್ಪಿದ. ತೀರ್ಪು ಅವನ ದೊಡ್ಡವ್ವ ಮುದುಕಮ್ಮನದು. ಆಕೆ ನ್ಯಾಯಕ್ಕಾಗಿ ಎರಡೂ ಪಂಕ್ತಿಯಲ್ಲಿ ಉಣ್ಣಲು ಒಪ್ಪಿದಳು.

ಮೊದಲ ಪಂಕ್ತಿ ಕೂತಿತು. ಕಹಳೆ ಮೊಳಗಿತು, ನಗಾರಿ ಗುಡುಗಿತು. ಜನ ಬೆನ್ನು ನೆಟ್ಟಗೆ ಮಾಡಿದರು. ಯಾರೋ ಮಂತ್ರಿ ಬಂದರೆಂದು ಹಿರಿಯರೊಬ್ಬರು ಅರ್ಧ ಎದ್ದು ಮತ್ತೆ ಕೂತರು. ಹುಗ್ಗಿ ಬಂದಾಗ ಎಲ್ಲರೂ ಎಲೆಗೆ ಕೈ ಅಡ್ಡ ಹಿಡಿದರು.

“ನೋಡಿದೇನು, ಹೆಂಗ ಗಂಭೀರ ಆಗ್ಯಾರ!”

“ಅರೆಹೊಟ್ಟೀಲೆ ಎದ್ದಾರ್ರಿ.”

ಎರಡನೆಯದಕ್ಕೆ ಅವನೇ ಕೂತ, ತಪ್ಪು ಹುಡುಕಲೆಂದು. ಛತ್ರದ ಟ್ಯೂನು ಮೆಲ್ಲಗೆ ಹರಿಯಿತು. ಹೆಗಲು ಸಡಿಲಾದವು, ಬೀಗರ ಚೇಷ್ಟೆ ಶುರುವಾಯಿತು, “ಇಲ್ಲಿ ತರ್ರಿ ಹುಗ್ಗಿ!” ಎಂಬ ಕೂಗು ನಾಲ್ಕೂ ಕಡೆಯಿಂದ ಎದ್ದಿತು. ಕೊಪ್ಪರಿಗೆಯ ತಳ ಕಂಡಿತು.

ಮುದುಕಮ್ಮ ಕೈ ನೆಕ್ಕಿ ಹೇಳಿದಳು: “ಮೊದಲ್ನೇದಕ್ಕ ಯಾರೋ ನನ್ನ ತುತ್ತು ಎಣಿಸಿದಂಗಾತು. ಇದಕ್ಕ ತವರಮನ್ಯಾಗ ಕುಂತಂಗಾತು.”

“ದೊಡ್ಡವ್ವಾ, ಸಂಗೀತಾನ ಹುಗ್ಗೀಲೆ ಅಳೀತಾರೇನು? ಶಾಸ್ತ್ರ ಅಂತ ಒಂದು…”

“ಬಾಯಾಗಿಂದು ನುಂಗಿ ಮಾತಾಡೋ ತಮ್ಮಾ.”

ಕೊಟ್ರಬಸಪ್ಪ ಎಲೆ ನೋಡಿಕೊಂಡ. ಮೂರನೇ ಸಲದ ಹುಗ್ಗಿ, ಮೇಲೆ ತುಪ್ಪ. ಬಡಿಸುವವರನ್ನು ಕೈಮಾಡಿ ಕರೆದದ್ದು ಅವನೇ. ಪಂಕ್ತಿಯೆಲ್ಲ ನಕ್ಕಿತು. ತಡೆಯಲಾರದೆ ಅವನೂ ನಕ್ಕ, ಹುಗ್ಗಿ ನೆತ್ತಿಗೇರುವಷ್ಟು.

ವಾರದಲ್ಲಿ ‘ಅನ್ನಪೂರ್ಣ ಸೌಂಡ್ಸ್’ ಬೋರ್ಡು ಏರಿತು. ಕೆಳಗೆ ಸಣ್ಣ ಅಕ್ಷರದಲ್ಲಿ: ‘ಗೇಮ್ ಸಂಗೀತ ವಿದ್ವಾಂಸರು ಒಳಗಿದ್ದಾರೆ.’

ಅನ್ನಪೂರ್ಣ ಓದಿ, ಸೆರಗಿನಲ್ಲಿ ನಗೆ ಮುಚ್ಚಿಕೊಂಡಳು. “ವಿದ್ವಾಂಸರ, ಹೊರಗ ಬರ್ರಿ. ಯಲಬುರ್ಗಾ ಮದುವಿಗೆ ಛತ್ರದ ಟ್ಯೂನ್ ಕೇಳ್ಯಾರ. ಸ್ಪೀಕರ್ ಗಾಡಿಗೆ ಏರಿಸ್ರಿ.”