ಅತ್ತೆಯ ಬೇಲಿ ಬೆಕ್ಕುಗಳು

ನಮ್ಮ ಹಿತ್ತಲಿಗೆ ಬರುತ್ತಿದ್ದ ಬೆಕ್ಕುಗಳನ್ನು ಸಾಕಿದ ಬೆಕ್ಕು ಎಂದರೆ ಊರಿನವರು ಒಪ್ಪುತ್ತಿರಲಿಲ್ಲ. ಒಪ್ಪುವ ಹಾಗೂ ಇರಲಿಲ್ಲ. ಅವು ಮನೆಯೊಳಗೆ ಕಾಲಿಡುತ್ತಿರಲಿಲ್ಲ, ಮೈ ಮುಟ್ಟಲು ಬಿಡುತ್ತಿರಲಿಲ್ಲ. ಬೇಲಿಯಾಚೆ ಗೇರುಮರಗಳಿದ್ದ ಹಕ್ಕಲಿನಲ್ಲಿ ಹುಟ್ಟಿ ಅಲ್ಲೇ ಬೆಳೆದವು. ಅತ್ತೆ ಮೆಟ್ಟುಗತ್ತಿ ಇಟ್ಟುಕೊಂಡು ಮೀನು ಕೊಯ್ಯಲು ಕೂತರೆ ಬೇಲಿಯ ಸಂದಿಯಿಂದ ಒಂದೊಂದಾಗಿ ನುಸುಳಿ ಬಂದು, ಬಾವಿಕಟ್ಟೆಯ ಆಚೆ ಬದಿ ಕೂತು ಕಾಯುತ್ತಿದ್ದವು. ಊರಲ್ಲಿ ಅವಕ್ಕೆ ಬೇಲಿ ಬೆಕ್ಕು ಎಂದೇ ಹೆಸರು.

ಅತ್ತೆ ಎಂದರೆ ಅಪ್ಪನ ಅಕ್ಕ. ಹಳದೀಪುರಕ್ಕೆ ಮದುವೆಯಾಗಿ ಹೋದವಳು, ಚಿಕ್ಕ ಪ್ರಾಯದಲ್ಲೇ ಗಂಡ ಸತ್ತು ನಮ್ಮೂರಾದ ಕಾಗಾಲಕ್ಕೆ ತಿರುಗಿ ಬಂದಿದ್ದಳು. ಮಕ್ಕಳಿರಲಿಲ್ಲ. ಅಪ್ಪ ಭಟ್ಕಳ ಬಂದರಿನಲ್ಲಿ ಬೋಟಿನ ಕೆಲಸಕ್ಕಿದ್ದ. ಮನೆಗೆ ಬರುತ್ತಿದ್ದುದು ಅಪರೂಪ. ಆಯಿ, ಎಂದರೆ ನನ್ನ ಅಮ್ಮ, ಬೆಳಗಾದರೆ ಉಪ್ಪುನೀರಿನ ಗಜನಿ ಗದ್ದೆಯ ಕೂಲಿಗೆ ಹೋಗುತ್ತಿದ್ದಳು. ಹಾಗಾಗಿ ನನ್ನನ್ನೂ ಅಣ್ಣನನ್ನೂ ಮೀಯಿಸಿ, ಉಣಿಸಿ, ಶಾಲೆಗೆ ಕಳಿಸಿದವಳು ಅತ್ತೆಯೇ. ಅಣ್ಣ ಬೇಲಿ ಬಾಗಿಲಿನ ದಣಪೆ ದಾಟಿದರೆ ಕತ್ತಲಾಗುವವರೆಗೆ ಮನೆ ಸೇರುತ್ತಿರಲಿಲ್ಲ. ನಾನು ಅತ್ತೆಯ ಸೀರೆಯ ಅಂಚು ಬಿಡುತ್ತಿರಲಿಲ್ಲ.

ಅತ್ತೆ ಬೆಕ್ಕುಗಳನ್ನು ಮುದ್ದು ಮಾಡಿದ್ದನ್ನು ನಾನು ನೋಡಿಲ್ಲ. ಮೀನಿನ ತಲೆ, ಕರುಳು, ಕಿವಿರು ಎಲ್ಲವನ್ನೂ ಗಂಜಿಗೆ ಕಲಸಿ, ಹಿತ್ತಲಲ್ಲಿ ಬಿದ್ದಿದ್ದ ಒಡೆದ ಒರಳಿನ ಕುಳಿಗೆ ಸುರಿದು, ಅಲ್ಲಿಂದ ಎದ್ದು ದೂರ ಹೋಗುತ್ತಿದ್ದಳು. "ನಾವು ಹತ್ರ ಇದ್ರೆ ಅವು ತಿಂತಿಲ್ಲ, ಬಾ ಈಚೆ" ಎಂದು ನನ್ನ ಕೈ ಹಿಡಿದು ಎಳೆಯುತ್ತಿದ್ದಳು. ಬಚ್ಚಲಿನ ಗೋಡೆಯ ಮರೆಯಲ್ಲಿ ನಾವಿಬ್ಬರೂ ಕುಕ್ಕರಗಾಲಲ್ಲಿ ಕೂತು ನೋಡುತ್ತಿದ್ದೆವು. ಅವು ಗುರ್ರೆನ್ನುತ್ತ, ಒಂದರ ಬಾಯಿಂದ ಇನ್ನೊಂದು ಕಿತ್ತುಕೊಳ್ಳುತ್ತ ತಿನ್ನುತ್ತಿದ್ದವು. ಆ ಗಲಾಟೆ ಕೇಳಿದಾಗ ಮಾತ್ರ ಅತ್ತೆಯ ಮುಖ ಸಡಿಲವಾಗುತ್ತಿತ್ತು.

ಚಿಕ್ಕಪ್ಪನ ಮದುವೆಯ ದಿನ ನನಗೆ ಚೆನ್ನಾಗಿ ನೆನಪಿದೆ. ಅಂಗಳದಲ್ಲಿ ಚಪ್ಪರ, ಮನೆ ತುಂಬ ನೆಂಟರು. ಮದುಮಗನಿಗೆ ಅರಿಶಿನ ಹಚ್ಚುವ ಹೊತ್ತಿಗೆ ಯಾರೋ ಒಬ್ಬಳು ಮುದುಕಿ ಅತ್ತೆಯ ಕಡೆ ನೋಡಿ ಕಣ್ಣಲ್ಲೇ ಏನೋ ಹೇಳಿದಳು. ಅತ್ತೆ ಸುಮ್ಮನೆ ಎದ್ದು ಹಿತ್ತಲಿಗೆ ಹೋದಳು. ನಾನೂ ಹಿಂದೆಯೇ ಹೋದೆ. ಮುಂದೆ ಅಂಗಳದಲ್ಲಿ ಢಂ ಢಂ ಎಂದು ಗರ್ನಾಲು ಹಾರಿಸುತ್ತಿದ್ದರು. ಬೇಲಿಯ ಹತ್ತಿರ ಒಂದು ಬೆಕ್ಕೂ ಇರಲಿಲ್ಲ. ಹೊಸ ಸೀರೆ ಉಟ್ಟ ಅತ್ತೆ ಬಾವಿಕಟ್ಟೆಯ ಮೇಲೆ ಕೂತು ಬೇಲಿಯನ್ನೇ ನೋಡುತ್ತಿದ್ದಳು.

"ಒಳಗೆ ಹೋಗ್ವ ಅತ್ತೆ, ಎಲ್ಲರೂ ಅಲ್ಲಿದ್ರು" ಅಂದೆ.

"ನೀ ಹೋಗು ಮಗಾ. ಅವುಕ್ಕೆ ಹೆದ್ರಿಕೆ ಆತು. ನಾ ಇಲ್ಲೇ ಇರ್ತೆ" ಅಂದಳು.

ನಾನು ಹೋಗಲಿಲ್ಲ. ಊಟದ ಹೊತ್ತಿಗೆ ಯಾರೂ ನಮ್ಮನ್ನು ಕರೆಯಲಿಲ್ಲ. ಸಂಜೆ ದಿಬ್ಬಣ ಹೊರಟ ಮೇಲೆ ಹಕ್ಕಲಿನಿಂದ ಒಂದು ಹಂಡಬಂಡ ಬೆಕ್ಕು ತಲೆ ಹೊರಹಾಕಿ ನೋಡಿತು. ಅತ್ತೆ ಎದ್ದು ಹೋಗಿ, ಮದುವೆಗೆಂದು ಮಾಡಿದ್ದ ಪಾಯಸದ ತಳವನ್ನೇ ಕೆರೆದು ತಂದು ಒರಳಿಗೆ ಹಾಕಿದಳು.

ಆಮೇಲೆ ಅಪ್ಪ ಹೋದ, ಆಯಿ ಹೋದಳು. ಅಣ್ಣನಿಗೆ ಹೊನ್ನಾವರದಲ್ಲಿ ನೌಕರಿ ಸಿಕ್ಕಿ ಅಲ್ಲೇ ಸಂಸಾರ ಹೂಡಿದ. ನನಗೆ ಮದುವೆ ಆಗಲಿಲ್ಲ. ಕುಮಟೆಯ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದೆ. ಸಂಜೆ ಬಸ್ಸಿಳಿದು ಮನೆಗೆ ಬಂದರೆ ಅತ್ತೆ ಆ ದಿನ ಯಾವ ಬೆಕ್ಕು ಬಂತು, ಯಾವುದು ಬರಲಿಲ್ಲ, ಯಾವುದರ ಹೊಟ್ಟೆ ದಪ್ಪವಾಗಿದೆ ಎಂದು ವರದಿ ಒಪ್ಪಿಸುತ್ತಿದ್ದಳು. ನಮ್ಮಿಬ್ಬರ ನಡುವೆ ಬೇರೆ ಮಾತು ಹೆಚ್ಚಿರಲಿಲ್ಲ. ನನಗೆ ಅದೇ ಸಾಕಾಗಿತ್ತು.

ಹೋದ ವರ್ಷ ಮಳೆಗಾಲ ಶುರುವಾಗುವ ಮೊದಲು ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದಳು. ಸೊಂಟದ ಮೂಳೆ ಮುರಿಯಿತು. ಈ ವಯಸ್ಸಿಗೆ, ಈ ಹೃದಯಕ್ಕೆ ಆಪರೇಷನ್ ಆಗುವುದಿಲ್ಲ ಎಂದು ಡಾಕ್ಟರು ಮನೆಗೆ ಕಳಿಸಿದರು. ನಾನು ಅಂಗಡಿ ಬಿಟ್ಟೆ. ಅವಳನ್ನು ನಡುಮನೆಯ ಮಂಚದಲ್ಲಿ ಮಲಗಿಸಿದೆ. ಅಲ್ಲಿಂದ ಹಿತ್ತಲು ಕಾಣುವುದಿಲ್ಲ. ಕಾಣುವುದು ಅಡುಗೆಮನೆಯಿಂದ ಮಾತ್ರ, ಮಂಚ ಅಲ್ಲಿ ಹಿಡಿಸುವ ಹಾಗಿರಲಿಲ್ಲ, ಎರಡು ಸಲ ಅಳತೆ ಮಾಡಿ ನೋಡಿ ಸೋತೆ. ಅಂದಿನಿಂದ ಒರಳಿಗೆ ಗಂಜಿ ಹಾಕುವ ಕೆಲಸ ನನ್ನದಾಯಿತು, ಬಂದು ವರದಿ ಹೇಳುವ ಕೆಲಸವೂ.

ಮೊದಲು ಕಾಯಿಲೆ ಬಿದ್ದಿದ್ದು ಮರಿಗಳು. ಬೇಲಿಯ ಬುಡದಲ್ಲಿ ಹಳದಿ ನೊರೆ ಕಕ್ಕಿ ಬಿದ್ದಿದ್ದವು. ಏನೋ ವಿಷದ್ದು ತಿಂದಿರಬೇಕು ಅಂದುಕೊಂಡೆ. ಆಮೇಲೆ ದೊಡ್ಡವೂ ಹಾಗೇ ಆದವು. ಗಂಜಿ ಮುಟ್ಟದೆ, ನೀರಿನ ಬೋಗುಣಿಯ ಮುಂದೆ ತಲೆ ಜೋಲು ಹಾಕಿ ಕೂರುತ್ತಿದ್ದವು. ಬಾಯಾರಿಕೆ ಇದೆ, ಕುಡಿಯಲಾಗುವುದಿಲ್ಲ. ಮಳೆ ಬಂದರೂ ಅಲ್ಲಿಂದ ಏಳುತ್ತಿರಲಿಲ್ಲ.

ಪಕ್ಕದ ಮನೆ ಅಕ್ಕನನ್ನು ಅತ್ತೆಯ ಬಳಿ ಕೂರಿಸಿ ಕುಮಟೆಯ ದನದ ಆಸ್ಪತ್ರೆಗೆ ಹೋದೆ. ಡಾಕ್ಟರು ಒಳ್ಳೆಯವರು, ಪೂರ್ತಿ ಕೇಳಿಸಿಕೊಂಡರು. "ಇದು ಬೆಕ್ಕಿನಿಂದ ಬೆಕ್ಕಿಗೆ ಅಂಟುವ ಜಾಡ್ಯದ ಹಾಗೆ ಕಾಣುತ್ತದೆ. ಮೊದಲೇ ಲಸಿಕೆ ಹಾಕಿದ್ದರೆ ತಡೆಯಬಹುದಿತ್ತು. ಈಗ ಹಿಡಿದು ತಂದರೆ ಡ್ರಿಪ್ ಹಾಕಿ ನೋಡೋಣ" ಅಂದರು.

"ಅವು ಹಿಡಿಯಲು ಸಿಗೂದಿಲ್ಲ ಸರ್."

"ಹಿಡಿಯದೆ ನಾನೇನು ಮಾಡಲಿ ಹೇಳಿ" ಅಂದರು. ಅದೂ ನಿಜವೇ.

ಆದರೂ ಬಿಡಲಿಲ್ಲ. ಕೋಳಿಗೂಡಿನಲ್ಲಿ ಬಂಗಡೆ ಮೀನು ಇಟ್ಟು, ಬಾಗಿಲಿಗೆ ಹಗ್ಗ ಕಟ್ಟಿ ಕಾದೆ. ಇನ್ನೂ ಕಾಯಿಲೆ ಬೀಳದ ಒಂದು ಕಂದು ಹೆಣ್ಣು ಬೆಕ್ಕು ಬಂದು ಒಳಗೆ ಹೊಕ್ಕಿತು. ಹಗ್ಗ ಎಳೆದೆ. ಅದು ಕಿರುಚಿದ್ದನ್ನು ನಾನು ಮರೆಯಲಾರೆ. ಗೂಡಿನ ಸರಳಿಗೆ ಮೂತಿ ಬಡಿದು ಬಡಿದು ರಕ್ತ ಬಂತು. ಕಾಯಿಲೆ ಬೀಳುವ ಮೊದಲೇ ಡಾಕ್ಟರು ಲಸಿಕೆ ಹಾಕಿ ಇದೊಂದನ್ನಾದರೂ ಉಳಿಸುತ್ತಾರೆ ಎಂದು ಗೂಡಿನ ಮೇಲೆ ಚೀಲ ಮುಚ್ಚಿ ರಿಕ್ಷಾ ಹತ್ತಿದೆ. ದಾರಿಯಲ್ಲಿ ಸದ್ದು ನಿಂತಿತು. ಅದಕ್ಕೆ ಸಮಾಧಾನ ಆಯಿತು ಎಂದುಕೊಂಡೆ. ಕುಮಟೆಯಲ್ಲಿ ಚೀಲ ಸರಿಸಿದರೆ ಅದು ಸತ್ತಿತ್ತು. ಮೈಮೇಲೆ ಬೇರೆ ಗಾಯವಿರಲಿಲ್ಲ. "ಹೆದರಿಕೆಗೇ ಹೋಗಿಬಿಡ್ತವೆ ಇಂಥವು" ಅಂದರು ಡಾಕ್ಟರು. ಅದೇ ರಿಕ್ಷಾದಲ್ಲಿ ಅದೇ ಗೂಡು ಹಿಡಿದು ತಿರುಗಿ ಬಂದೆ.

ಆಮೇಲೆ ಹಿಡಿಯಲು ಹೋಗಲಿಲ್ಲ. ಓಡಲಾರದಷ್ಟು ಸೋತವನ್ನು ಮಾತ್ರ ಹತ್ತಿರ ಹೋಗಿ ಎತ್ತಿಕೊಳ್ಳುತ್ತಿದ್ದೆ. ಹತ್ತಿಯಲ್ಲಿ ನೀರು ಅದ್ದಿ ತುಟಿಗೆ ಹಿಂಡುತ್ತಿದ್ದೆ. ಹುಟ್ಟಿದಾಗಿನಿಂದ ಅವನ್ನು ನೋಡುತ್ತ ಬಂದ ನಾನು ಮೊದಲ ಬಾರಿಗೆ ಅವುಗಳ ಮೈ ಮುಟ್ಟಿದ್ದು ಆಗ. ಇಷ್ಟು ಹಗುರ ಇರುತ್ತವೆ ಎಂದು ಗೊತ್ತಿರಲಿಲ್ಲ. ನನ್ನ ಮಡಿಲಲ್ಲೂ ಅವು ನನಗೆ ಹೆದರುತ್ತಲೇ ಇದ್ದವು. ಕಣ್ಣು ನನ್ನ ಮೇಲೇ ಇರುತ್ತಿತ್ತು, ಉಗುರು ಹೊರಗೇ ಇರುತ್ತಿತ್ತು, ಕೈಕಾಲಿಗೆ ಬಲ ಮಾತ್ರ ಇರಲಿಲ್ಲ. ಒಂದೊಂದನ್ನೇ ಗೇರುಮರದ ಬುಡದಲ್ಲಿ ಹುಗಿದೆ.

ಒಳಗೆ ಅತ್ತೆ ದಿನವೂ ಕೇಳುತ್ತಿದ್ದಳು.

"ಬಂದ್ವನೇ?"

"ಬಂದ್ವು ಅತ್ತೆ."

"ಹಂಡಬಂಡದ್ದು?"

"ಅದೂ ಬಂತು."

"ಮರಿ ಕರ್ಕಂಡು ಬಂದಿತ್ತಾ?"

"ಹೌದು, ದೊಡ್ಡ ಆಗಿದ್ವು."

ಮಣ್ಣಾದ ಕೈ ತೊಳೆದು ಬಂದು ಹೀಗೆ ಹೇಳುತ್ತಿದ್ದೆ. ಅವಳು ತಲೆ ಆಡಿಸಿ ಕಣ್ಣು ಮುಚ್ಚುತ್ತಿದ್ದಳು. ನೆಮ್ಮದಿಯಿಂದ ಮಲಗಿದ್ದಾಳೆ ಎಂದು ನಾನು ಅಂದುಕೊಳ್ಳುತ್ತಿದ್ದೆ.

ಒಂದು ದಿನ ಗಂಜಿ ಕುಡಿಸುತ್ತಿರುವಾಗ ಅತ್ತೆ ಚಮಚ ಪಕ್ಕಕ್ಕೆ ಸರಿಸಿದಳು. ಹಿತ್ತಲಲ್ಲಿ ಕಾಗೆಗಳು ಕೂಗುತ್ತಿದ್ದವು.

"ಎಂತಕ್ಕೆ ಇಷ್ಟು ಕಾಗೆ?"

"ಮೀನಿನ ವಾಸನೆಗೆ ಬಂದಿದ್ವು."

"ಬೆಕ್ಕಿದ್ದಲ್ಲಿ ಕಾಗೆ ಒರಳಿಗೆ ಇಳೀತದಾ?" ಅಂದಳು. ನಾನು ಅವಳ ಗಲ್ಲ ಒರೆಸಿದೆ. "ಜಗಳ ಆಡೂದೇ ಕೇಳುದಿಲ್ಲಲೇ ಮಗಾ. ಸುಮಾರು ದಿವಸ ಆತು. ನಂಗೆ ಕಾಲು ಹೋಯ್ತು, ಕಿವಿ ಹೋಗ್ಲಿಲ್ಲ."

ನನಗೆ ಅಳು ತಡೆಯಲಾಗಲಿಲ್ಲ. ಅವಳ ಮಂಚದ ಅಂಚಿಗೆ ತಲೆ ಆನಿಸಿ ಎಲ್ಲ ಹೇಳಿದೆ. ಕೋಳಿಗೂಡಿನ ವಿಷಯವನ್ನೂ ಹೇಳಿದೆ. ಅತ್ತೆ ಅಳಲಿಲ್ಲ, ಬಯ್ಯಲಿಲ್ಲ. ನನ್ನ ತಲೆಯ ಮೇಲೆ ಕೈ ಇಟ್ಟಳು. "ಒಂದೂ ಇಲ್ವಾ?" ಅಂತ ಕೇಳಿದಳು.

"ಒಂದೂ ಇಲ್ಲ."

"ಆತು" ಅಂದಳು. ಅಷ್ಟೇ.

ಮರುದಿನದಿಂದ ಅವಳು ಬೆಕ್ಕಿನ ಮಾತೆತ್ತಲಿಲ್ಲ. ಮೀನು ಬೇಡ ಎಂದಳು, ಆಮೇಲೆ ಗಂಜಿಯೂ ಬೇಡ ಎಂದಳು. ಅಣ್ಣ ಬಂದು ಗದರಿಸಿದ, ಗ್ಲೂಕೋಸ್ ಹಾಕಿಸಿದ. ಸೂಜಿ ಚುಚ್ಚುವಾಗಲೂ ಅವಳು ಕೈ ಎಳೆದುಕೊಳ್ಳಲಿಲ್ಲ, ಅದು ಬೇರೆ ಯಾರದೋ ಕೈ ಎಂಬಂತೆ ಗೋಡೆ ನೋಡುತ್ತಿದ್ದಳು. ಮಳೆ ಜೋರಾಗಿದ್ದ ಒಂದು ಬೆಳಿಗ್ಗೆ ಚಾ ತೆಗೆದುಕೊಂಡು ಹೋದೆ. ಅವಳು ಏಳಲಿಲ್ಲ. ಚಾವಡಿಯಲ್ಲಿ ಸೇರಿದವರೆಲ್ಲ, ಬಿಡುಗಡೆ ಆಯಿತು, ಒಳ್ಳೇ ಸಾವು ಅಂದರು. ಇರಬಹುದು. ನನಗೆ ಹಾಗೆ ಅನ್ನಿಸಲಿಲ್ಲ, ಈಗಲೂ ಅನ್ನಿಸುವುದಿಲ್ಲ. ಆ "ಆತು" ಎಂಬ ಮಾತಿನ ಹೊತ್ತಿಗೇ ಅವಳು ಎದ್ದು ಹೋಗಿದ್ದಳು ಎಂದು ನನ್ನ ಲೆಕ್ಕ.

ಹೊನ್ನಾವರಕ್ಕೆ ಬಂದು ತನ್ನ ಜೊತೆ ಇರು ಎಂದು ಅಣ್ಣ ಕರೆದ. ಅತ್ತಿಗೆಯೂ ಕರೆದಳು, ಮನಸ್ಸಿಟ್ಟೇ ಕರೆದಳು. ಹೋಗಿ ಕೆಲವು ದಿನ ಇದ್ದೆ. ಅಲ್ಲಿ ಬೆಳಿಗ್ಗೆ ಎದ್ದರೆ ನನಗೆ ಮಾಡಲು ಏನೂ ಇರಲಿಲ್ಲ. ಇಲ್ಲಿಯೂ ಇಲ್ಲ. ಮತ್ತೆ ಬಂದೆ.

ಬಟ್ಟೆ ಅಂಗಡಿಯಲ್ಲಿ ನನ್ನ ಜಾಗಕ್ಕೆ ಬೇರೆಯವಳು ಬಂದಾಗಿದೆ. ಮನೆಯಲ್ಲೇ ಒಂದಿಷ್ಟು ರವಿಕೆ ಹೊಲಿಯುತ್ತೇನೆ. ಒಬ್ಬಳಿಗೆ ಮೀನು ತರುವುದಿಲ್ಲ. ಅಟ್ಟದಲ್ಲಿ ಇಲಿಗಳು ಹಗಲಲ್ಲೇ ಓಡಾಡುತ್ತವೆ, ಹೊಲಿಯಲು ಕೊಟ್ಟ ಬಟ್ಟೆಗಳನ್ನು ಡಬ್ಬಿಯಲ್ಲಿ ಮುಚ್ಚಿಡಬೇಕು.

ಮೊನ್ನೆ ಪಕ್ಕದ ಮನೆ ಅಕ್ಕ ರಟ್ಟಿನ ಪೆಟ್ಟಿಗೆಯಲ್ಲಿ ಒಂದು ಮರಿ ತಂದಿದ್ದಳು. ಕರ್ಕಿಯಲ್ಲಿರುವ ಮಗಳ ಮನೆಯದ್ದಂತೆ. ಸಾಧು, ಕೈಯಲ್ಲೇ ಮಲಗುತ್ತದೆ. "ಇದು ಬೇಲಿ ಬೆಕ್ಕಲ್ಲ ತಂಗಿ, ಎತ್ಕಂಡ್ರೆ ಎಂತದೂ ಮಾಡೂದಿಲ್ಲ. ಇಟ್ಕ. ನಿಂಗೂ ಒಂದು ಜೊತೆ ಆತು" ಅಂದಳು. ಮರಿ ನನ್ನ ಬೆರಳು ನೆಕ್ಕಿತು. ನಾಲಿಗೆ ಬೆಚ್ಚಗಿತ್ತು, ಒರಟಾಗಿತ್ತು.

"ಬೇಡ ಅಕ್ಕಾ" ಅಂದೆ.

"ಎಂತಕ್ಕೆ?"

ನಾನು ಬೆರಳು ಎಳೆದುಕೊಂಡು ಪೆಟ್ಟಿಗೆಯ ಮುಚ್ಚಳ ಮುಚ್ಚಿದೆ. ಅವಳು ಅದನ್ನು ಎತ್ತಿಕೊಂಡು ಹೋದಳು. ನಾನು ಒಳಗೆ ಬಂದು ಮಿಷನ್ನಿನ ಮುಂದೆ ಕೂತೆ. ಆ ದಿನ ಒಂದು ಹೊಲಿಗೆಯನ್ನೂ ಹಾಕಲಿಲ್ಲ.