ಅವ್ವನಿಗೆ ಕೇಳಿಸಿದ ಡಬ್ಬಿ ಸದ್ದು

ಕಳೆದ ವರ್ಷ ಗಣಪತಿ ಹಬ್ಬ ಮುಗಿದ ಮರುವಾರ, ಪುಣೆಯ ನಮ್ಮ ಮನೆಯಲ್ಲೇ ಅಕ್ಕ ತನ್ನ ಮೊದಲ ಸಿನಿಮಾದ ಚಿತ್ರೀಕರಣ ನಡೆಸಿದಳು. ಕಥೆ ಅರ್ಧ ನಮ್ಮದೇ: ಕಲಬುರಗಿ ಕಡೆಯಿಂದ ಬಂದ ಸಂಸಾರ, ಸಣ್ಣ ಫ್ಲ್ಯಾಟು, ಇಬ್ಬರು ಹೆಣ್ಣುಮಕ್ಕಳು, ಚಾಕಣದ ಕಾರ್ಖಾನೆಗೆ ಹೋಗಿಬರುವ ಅಪ್ಪ.

ನಮ್ಮಪ್ಪ ಬೆಲ್ ಒತ್ತುತ್ತಿರಲಿಲ್ಲ. ಊಟದ ಡಬ್ಬಿಯನ್ನು ಬಾಗಿಲ ಗ್ರಿಲ್‌ಗೆ ಟಣ್ ಟಣ್ ಎಂದು ಬಡಿಯುತ್ತಿದ್ದರು. ನಾನು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಒಂದು ಸಂಜೆ ಕೆಲಸದಿಂದ ಬಂದವರು ಬಾಗಿಲ ಹೊರಗೇ ಕುಸಿದು ತೀರಿಕೊಂಡರು. ಒಳಗೆ ಅವ್ವ ಮಿಕ್ಸರ್ ಹಾಕಿದ್ದಳು.

"ಡಬ್ಬಿ ಬಡದಿರಬೇಕು, ನನಗ ಕೇಳಲಿಲ್ಲ" ಎಂದು ಅಂದಿನಿಂದ ಅದೇ ಕೊರಗು. ಮಿಕ್ಸರ್ ಹಾಕಿದಾಗಲೆಲ್ಲ ನಡುವೆ ನಿಲ್ಲಿಸಿ ಬಾಗಿಲ ಕಡೆ ಕಿವಿಗೊಡುತ್ತಿದ್ದಳು.

ನಾನು ಕಾನೂನು ಓದುವವಳು, ಕಾಲೇಜಿನ ಚರ್ಚಾ ತಂಡದವಳು. "ಬಡದಾರ ಅನ್ನೋದಕ್ಕ ಸಾಕ್ಷಿ ಏನದ? ಬಾಜೂ ಮನಿಯವರಿಗೂ ಕೇಳಿಲ್ಲ" ಎಂದು ವಾದಿಸುತ್ತಿದ್ದೆ.

"ಸತ್ತೋರ ಮ್ಯಾಲೂ ಕೇಸ್ ನಡಸ್ತಿ ನೋಡು ನೀ" ಎನ್ನುತ್ತಿದ್ದಳು ಅವ್ವ.

ಚಿತ್ರೀಕರಣದ ದಿನ ಮಧ್ಯಾಹ್ನ ಅಪ್ಪ ಮನೆಗೆ ಬರುವ ದೃಶ್ಯ ಮುಗಿದು, ಅಪ್ಪನಾಗಿದ್ದ ನಟ ಊಟಕ್ಕೆ ಹೋಗಿದ್ದ. ದೃಶ್ಯ ಮುಗಿದ ಮೇಲೆ ಆ ಕೋಣೆಯ ಮೌನವನ್ನೇ ಒಂದಿಷ್ಟು ಹೊತ್ತು ರೆಕಾರ್ಡ್ ಮಾಡಿಕೊಳ್ಳುವುದು ಸಿನಿಮಾದವರ ರೂಢಿ. ಮಾತುಗಳ ನಡುವಿನ ತೆರವು ತುಂಬಲು ಬೇಕಂತೆ. ಯಾರೂ ಅಲುಗಾಡುವಂತಿಲ್ಲ.

"ವಕೀಲಮ್ಮಾ, ಒಂದ್ ನಿಮಿಷರೆ ಬಾಯಿ ಮುಚ್ಕೊಂಡಿರು" ಎಂದಳು ಅಕ್ಕ.

ಫ್ಯಾನು, ಫ್ರಿಜ್ಜು ಎಲ್ಲ ಬಂದ್. ನನಗೆ ನನ್ನ ಉಸಿರು ಬಿಟ್ಟರೆ ಬೇರೇನೂ ಕೇಳಿಸುತ್ತಿರಲಿಲ್ಲ. ಮೂಲೆಯಲ್ಲಿ ಕೂತಿದ್ದ ಅವ್ವ ಥಟ್ಟನೆ ಎದ್ದಳು. ನೇರ ಹೋಗಿ ಚಿಲಕ ತೆಗೆದಳು. ಹೊರಗೆ ಯಾರೂ ಇಲ್ಲ. ಆದರೂ ಯಾರಿಗೋ ದಾರಿ ಬಿಡುವಂತೆ ಪಕ್ಕಕ್ಕೆ ಸರಿದು ನಿಂತಳು.

"ಕೋಣ್ ಆಲಂ?" ಎಂದ ಹೆಡ್‌ಫೋನ್ ಹಾಕಿಕೊಂಡಿದ್ದ ಮರಾಠಿ ರೆಕಾರ್ಡಿಸ್ಟ್. ಯಾರೂ ಬಂದಿಲ್ಲ ಎಂದೆ. ಅವನು ಹೆಡ್‌ಫೋನನ್ನು ನನ್ನ ಕಿವಿಗಿಟ್ಟು ಅದೇ ತುಣುಕನ್ನು ಮತ್ತೆ ಹಾಕಿದ.

ಟಣ್ ಟಣ್. ಅವ್ವನ ಹೆಜ್ಜೆ. ಚಿಲಕ. ಆಮೇಲೆ ಬಾಗಿಲ ಬಳಿ ಬೂಟು ಬಿಚ್ಚಿಡುವ ಸದ್ದು. ಒಂದು. ಸ್ವಲ್ಪ ಹೊತ್ತಿಗೆ ಇನ್ನೊಂದು.

ದೃಶ್ಯಕ್ಕೆ ಬಳಸಿದ ಡಬ್ಬಿ ನನ್ನ ಕಣ್ಣೆದುರೇ ಮೇಜಿನ ಮೇಲಿತ್ತು. ನೀರಿನ ಪೈಪು, ಮೇಲಿನ ಮನೆ, ಲಿಫ್ಟಿನ ಬಾಗಿಲು, ಎಲ್ಲ ವಾದವೂ ನಾಲಿಗೆಯ ತುದಿಗೆ ಬಂತು. ಅಷ್ಟರಲ್ಲಿ ಅವ್ವ ನನ್ನ ಕೈ ಹಿಡಿದಳು.

"ಈ ಸಲ ನನಗ ಕೇಳ್ತು ನೋಡವ್ವಾ."

ಅವಳ ದನಿ ಅಷ್ಟು ಹಗುರಾದದ್ದನ್ನು ಅಪ್ಪ ಹೋದ ಮೇಲೆ ನಾನು ಕೇಳಿರಲಿಲ್ಲ. ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಆ ತುಣುಕನ್ನು ಅಳಿಸಿ ಇನ್ನೊಮ್ಮೆ ರೆಕಾರ್ಡ್ ಮಾಡೋಣವೇ ಎಂದು ಅಕ್ಕ ಕೇಳಿದಾಗ ಬೇಡ ಎಂದವಳೂ ನಾನೇ.

ದೆವ್ವ ಭೂತಗಳನ್ನು ನಾನು ಈಗಲೂ ನಂಬುವುದಿಲ್ಲ. ಯಾರು ಬೇಕಾದರೂ ವಾದಕ್ಕೆ ಬರಲಿ. ಅವ್ವ ಈಗ ಮಿಕ್ಸರನ್ನು ನಡುವೆ ನಿಲ್ಲಿಸುವುದಿಲ್ಲ. ನಾನು ಹಾಕಿದಾಗ ಮಾತ್ರ ಒಮ್ಮೆ ನಿಲ್ಲಿಸುತ್ತೇನೆ.